ರ‍್ಯಾಮ್‌ಗೆ 1.35 ವೋಲ್ಟ್ ಕೊಟ್ಟರೆ 1.376 ತೋರಿಸುತ್ತಿದೆ, ಒಂದ್ಸಲ 2.040! ಯಾವ ರೀಡಿಂಗ್ ನಂಬಬೇಕು?

ಜಲನಗರ_ಸ್ಟುಡಿಯೋ (ವಿಜಯಪುರ)

ಎಲ್ಲರಿಗೂ ನಮಸ್ಕಾರ ರೀ. ಮದುವೆ, ಸೀಮಂತ, ಗೃಹಪ್ರವೇಶದ ವಿಡಿಯೋ ಎಡಿಟಿಂಗ್ ನನ್ನ ಕೆಲಸ. ಮಶಿನ್ ಎಎಂಡಿಯ ರೈಜೆನ್ 5 5600 ಪ್ರೊಸೆಸರ್, ಬಿ550 ಮದರ್‌ಬೋರ್ಡ್, 16 ಜಿಬಿಯ ಎರಡು ಡಿಡಿಆರ್4 ಸ್ಟಿಕ್. ಸ್ಟಿಕ್ಕರ್ ಮೇಲೆ ಸ್ಪೀಡ್ 3200, ಸಿಎಲ್16 (ಟೈಮಿಂಗ್, ಕಡಿಮೆಯಿದ್ದಷ್ಟೂ ಬಿಗಿ), 1.35 ವೋಲ್ಟ್ ಅಂತ ಇದೆ. ಇಷ್ಟು ದಿನ ಎಕ್ಸ್‌ಎಂಪಿ (ಸ್ಟಿಕ್ಕರ್ ಮೇಲಿನ ಸ್ಪೀಡ್, ವೋಲ್ಟೇಜ್ ತಾನೇ ಹಾಕುವ ಬಯೋಸ್ ಸೆಟ್ಟಿಂಗ್) ಆನ್ ಮಾಡಿ ಸುಮ್ನೆ ಬಿಟ್ಟಿದ್ದೆ, ತೊಂದರೆ ಇರಲಿಲ್ಲ.

ಸೀಸನ್ ಶುರುವಾಗುವ ಮುಂಚೆ 3600ಕ್ಕೆ ಏರಿಸೋಣ ಅಂತ ಆಸೆ ಆಯ್ತು. 1.35ರಲ್ಲೇ 3600 ಹಾಕಿದರೆ ವಿಂಡೋಸ್ ಬರುತ್ತದೆ, ಆದರೆ ಟೈಮ್‌ಲೈನ್ ಎಳೆದಾಡುವಾಗ ಸಾಫ್ಟ್‌ವೇರ್ ಮುಚ್ಚಿಹೋಗುತ್ತದೆ. 1.40 ಕೊಟ್ಟೆ, ಆಮೇಲೆ ಸರಿಯಾಗಿದೆ ಅನ್ನಿಸುತ್ತದೆ.

ತಲೆ ಕೆಟ್ಟಿರುವುದು ರೀಡಿಂಗ್ ನೋಡಿ. 1.35 ಕೊಟ್ಟಾಗ ಬಯೋಸ್‌ನ ಮಾನಿಟರ್ ಪೇಜ್ 1.368 ಅನ್ನುತ್ತದೆ. ಎಚ್‌ಡಬ್ಲ್ಯೂಇನ್ಫೋ (ವಿಂಡೋಸ್‌ನಲ್ಲಿ ರೀಡಿಂಗ್ ತೋರಿಸುವ ಸಾಫ್ಟ್‌ವೇರ್) 1.368, 1.376 ಅಂತ ಕುಣಿಯುತ್ತದೆ. ಸಿಪಿಯು-ಝಡ್ ಅನ್ನುವ ಇನ್ನೊಂದು ಸಾಫ್ಟ್‌ವೇರ್ ಮಾತ್ರ ಏನೇ ಮಾಡಿದರೂ 1.35 ಅಂತಲೇ ಕೂತಿದೆ. 1.40 ಕೊಟ್ಟಾಗ 1.416, 1.424. ಅದೂ ಹೋಗಲಿ ಬಿಡಿ ಅಂದುಕೊಂಡೆ. ನಿನ್ನೆ ರಾತ್ರಿ ಎಕ್ಸ್‌ಪೋರ್ಟ್‌ಗೆ ಹಾಕಿ ಊಟ ಮಾಡಿ ಬಂದು ನೋಡಿದರೆ ಮ್ಯಾಕ್ಸಿಮಮ್ ಕಾಲಮ್‌ನಲ್ಲಿ 2.040! ಕೈ ಕಾಲು ತಣ್ಣಗಾದವು. ಮಶಿನ್ ಮಾತ್ರ ಆರಾಮಾಗಿ ಓಡುತ್ತಿತ್ತು.

ಇನ್ನೊಂದು ವಿಷಯ. ನಮ್ಮ ಏರಿಯಾದಲ್ಲಿ ಕರೆಂಟ್ ಬಹಳ ಏರುಪೇರು. ಬೇಸಿಗೆ ಮಧ್ಯಾಹ್ನ 190ಕ್ಕೆ ಇಳಿಯುತ್ತದೆ, ನಡುರಾತ್ರಿ 245 ಮುಟ್ಟುತ್ತದೆ. ರ‍್ಯಾಮ್ ವೋಲ್ಟೇಜ್ ಕುಣಿಯುವುದು ಅದರಿಂದಲೇ ಏನು? ಸ್ಟೆಬಿಲೈಸರ್ ತರಬೇಕಾ? ಸೇಫ್ ಲಿಮಿಟ್ ಎಷ್ಟು, ಯಾರಾದರೂ ಬಿಡಿಸಿ ಹೇಳ್ರಿ.

ಫುಲ್_ವೋಲ್ಟೇಜ್

ಇಷ್ಟಕ್ಕೆಲ್ಲ ಹೆದರಬೇಡ ಗುರು. ಡಿಡಿಆರ್4ಗೆ 1.5 ಆರಾಮ್ ಕೊಡಬಹುದು. ನಾನು ವರ್ಷಗಟ್ಟಲೆ ಅದರಲ್ಲೇ ಓಡಿಸುತ್ತಿದ್ದೇನೆ. 1.5 ಹಾಕು, 3800ಕ್ಕೆ ಟ್ರೈ ಮಾಡು.

ಪ್ಯಾನೆಲ್_ಉದ್ಯಮಬಾಗ (ಬೆಳಗಾವಿ)

ತಮ್ಮಾ, ಮೊದಲು ಆ 2.040 ವಿಷಯ ಮುಗಿಸಿಬಿಡೋಣ, ಇಲ್ಲದಿದ್ದರೆ ನಿನಗೆ ನಿದ್ದೆ ಬರಲ್ಲ.

ನೀನು ಕೊಟ್ಟಿರುವ ಅಂಕಿಗಳನ್ನೇ ಮತ್ತೊಮ್ಮೆ ನೋಡು. 1.368, 1.376, 1.416, 1.424. ಒಂದರಿಂದ ಇನ್ನೊಂದಕ್ಕೆ ಇರುವ ಅಂತರ ಯಾವಾಗಲೂ 0.008 ಅಥವಾ ಅದರ ಮಡಿ. 1.370 ಅಂತ ಎಂದಾದರೂ ಕಂಡಿದೆಯಾ? ಕಾಣುವುದೂ ಇಲ್ಲ. ಬೋರ್ಡ್ ಮೇಲೆ ವೋಲ್ಟೇಜ್ ಅಳೆಯುವ ಒಂದು ಸಣ್ಣ ಚಿಪ್ ಇರುತ್ತದೆ, ಸೂಪರ್ ಐಒ ಅಂತಾರೆ. ನಿನ್ನ ಬೋರ್ಡ್‌ನಲ್ಲಿರುವುದು 8 ಮಿಲಿವೋಲ್ಟ್‌ನ ಮೆಟ್ಟಿಲುಗಳಲ್ಲಿ ಮಾತ್ರ ಎಣಿಸುತ್ತದೆ. ಬೇರೆ ಕಂಪನಿಯ ಚಿಪ್‌ನಲ್ಲಿ ಮೆಟ್ಟಿಲು 12 ಮಿಲಿವೋಲ್ಟ್ ಹತ್ತಿರ ಇರುತ್ತದೆ. ಅಸಲಿ ವೋಲ್ಟೇಜ್ 1.372 ಇದ್ದರೆ ಪಾಪ ಅದು ಒಮ್ಮೆ 1.368 ಅನ್ನುತ್ತದೆ, ಒಮ್ಮೆ 1.376 ಅನ್ನುತ್ತದೆ. ನೀನು ನೋಡುತ್ತಿರುವ ಕುಣಿತ ಇದು. ರ‍್ಯಾಮ್ ಕುಣಿಯುತ್ತಿಲ್ಲ.

ಈಗ ಲೆಕ್ಕ. ಈ ಅಳತೆ 8 ಬಿಟ್‌ದು, ಅಂದರೆ 0ಯಿಂದ 255ರವರೆಗೆ ಮಾತ್ರ ಎಣಿಕೆ. 255ನ್ನು 0.008ರಿಂದ ಗುಣಿಸು. ಸರಿಯಾಗಿ 2.040! ಚಿಪ್ ತನಗೆ ಬರುವ ಅತಿ ದೊಡ್ಡ ಅಂಕಿಯನ್ನು ಹೇಳಿದೆ, ಅಷ್ಟೇ. ಓದುವಾಗ ಡೇಟಾ ಕೆಟ್ಟು ಎಲ್ಲ ಬಿಟ್‌ಗಳೂ 1 ಅಂತ ಬಂದರೆ ಇದೇ ಅಂಕಿ ಬೀಳುತ್ತದೆ. 1.2 ವೋಲ್ಟ್‌ಗೆ ಮಾಡಿದ ರ‍್ಯಾಮ್‌ಗೆ ನಿಜವಾಗಿ 2.04 ಹೋಗಿದ್ದರೆ ನೀನು ಊಟ ಮುಗಿಸಿ ಬರುವಷ್ಟರಲ್ಲಿ ಎಕ್ಸ್‌ಪೋರ್ಟ್ ಮುಗಿದಿರುತ್ತಿರಲಿಲ್ಲ, ಮಶಿನ್ನೇ ಮುಗಿದಿರುತ್ತಿತ್ತು.

ಇನ್ನೊಂದು ಕೇಳುತ್ತೇನೆ. ಎಚ್‌ಡಬ್ಲ್ಯೂಇನ್ಫೋ ಜೊತೆಗೆ ಬೋರ್ಡ್ ಕಂಪನಿಯ ಸಾಫ್ಟ್‌ವೇರ್, ಫ್ಯಾನ್ ಕಂಟ್ರೋಲ್, ಬಣ್ಣದ ಲೈಟ್ ಬದಲಿಸುವಂಥದ್ದು ಏನಾದರೂ ಓಡುತ್ತಿದೆಯಾ? ತುಂಬಿದ ಬಸ್ಸಿನಲ್ಲಿ ಒಬ್ಬನೇ ಕಂಡಕ್ಟರ್‌ಗೆ ಇಬ್ಬರು ಒಟ್ಟಿಗೆ ಟಿಕೆಟ್ ಕೇಳಿದರೆ ಒಬ್ಬನಿಗೆ ತಪ್ಪು ಚಿಲ್ಲರೆ ಬರುತ್ತದಲ್ಲ, ಹಾಗೆ ಎರಡು ಸಾಫ್ಟ್‌ವೇರ್ ಒಂದೇ ಚಿಪ್ಪನ್ನು ಒಟ್ಟಿಗೆ ಕೇಳಿದರೆ ಇಂಥ ಹುಚ್ಚು ಅಂಕಿ ಬರುತ್ತವೆ. ಒಂದನ್ನು ಮುಚ್ಚಿ ನೋಡು.

ಸಿಪಿಯು-ಝಡ್ 1.35 ಅಂತ ಕೂತಿರುವುದೂ ಸರಿಯೇ. ಆ ಎಸ್‌ಪಿಡಿ ಪುಟ ಸ್ಟಿಕ್ ಒಳಗೆ ಕಾರ್ಖಾನೆಯವರು ಬರೆದಿಟ್ಟ ಪಟ್ಟಿಯನ್ನು ಓದಿ ಹೇಳುತ್ತದೆ. ಏನನ್ನೂ ಅಳೆಯುವುದಿಲ್ಲ. ನಮ್ಮಲ್ಲಿ ಮೋಟರ್‌ನ ನೇಮ್‌ಪ್ಲೇಟ್ ನೋಡಿ ಕರೆಂಟ್ ಇಷ್ಟೇ ಎಳೆಯುತ್ತಿದೆ ಅನ್ನುವ ಹುಡುಗರಿದ್ದಾರೆ, ಅವರಿಗೆ ನಾನು ಕರೆಂಟ್ ಅಳೆಯುವ ಟಾಂಗ್ ಟೆಸ್ಟರ್ ಕೈಗೆ ಕೊಟ್ಟು ಕಳಿಸುತ್ತೇನೆ.

1.35 ಕೊಟ್ಟರೆ 1.37 ಬರುವುದು ಬೋರ್ಡ್‌ಗಳ ಚಾಳಿ. ಎಷ್ಟೋ ಬೋರ್ಡ್‌ಗಳು ಹೇಳಿದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಕೊಡುತ್ತವೆ. ಜೊತೆಗೆ ಅಳೆಯುವ ಚಿಪ್‌ನದೇ ಒಂದಿಷ್ಟು ತಪ್ಪು ಸೇರುತ್ತದೆ. 0.02 ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡ.

ಸಾಲಿನ ಹೆಸರು ಸರಿಯಿದೆಯಾ ಅನ್ನುವುದನ್ನೂ ನೋಡಿಕೋ. ಎಚ್‌ಡಬ್ಲ್ಯೂಇನ್ಫೋದಲ್ಲಿ ಒಮ್ಮೊಮ್ಮೆ ಬರೀ ವಿಐಎನ್3, ವಿಐಎನ್4 ಅಂತ ಇರುತ್ತದೆ. ಬಯೋಸ್‌ನಲ್ಲಿ ಡಿರ‍್ಯಾಮ್ ವೋಲ್ಟೇಜನ್ನು 0.02 ಇಳಿಸು, ವಿಂಡೋಸ್‌ಗೆ ಬಾ. ಯಾವ ಸಾಲು ಅಷ್ಟೇ ಇಳಿದಿದೆಯೋ ಅದೇ ನಿನ್ನ ರ‍್ಯಾಮ್. ಯಾವುದೂ ಅಲ್ಲಾಡಲಿಲ್ಲ ಅಂದರೆ ನಿನ್ನ ಬೋರ್ಡ್ ಅದನ್ನು ಅಳೆಯುತ್ತಲೇ ಇಲ್ಲ ಅಂತ ತಿಳಿ.

ಕರೆಂಟ್ ಏರುಪೇರಿಗೂ ಇದಕ್ಕೂ ಸಂಬಂಧ ಇಲ್ಲ. ಗೋಡೆಯ 190 ಆಗಲಿ 245 ಆಗಲಿ, ಎಸ್‌ಎಂಪಿಎಸ್ (ಮಶಿನ್‌ನ ಪವರ್ ಸಪ್ಲೈ) ಅದನ್ನು 12 ವೋಲ್ಟ್ ಡಿಸಿ ಮಾಡುತ್ತದೆ. ಅಲ್ಲಿಯೂ ಎಟಿಎಕ್ಸ್ ಅನ್ನುವ ಪವರ್ ಸಪ್ಲೈ ಮಾನದಂಡದ ನಿಯಮ 5 ಪರ್ಸೆಂಟ್ ಆಚೀಚೆ, ಅಂದರೆ 11.4ರಿಂದ 12.6. ಅದಾದ ಮೇಲೆ ಬೋರ್ಡ್ ಮೇಲೆ ರ‍್ಯಾಮ್ ಸ್ಲಾಟ್ ಪಕ್ಕದಲ್ಲಿ ಇನ್ನೊಂದು ರೆಗ್ಯುಲೇಟರ್ ಕೂತು 1.35ಕ್ಕೆ ಇಳಿಸುತ್ತದೆ. ಕರೆಂಟ್ ತೀರಾ ಬಿದ್ದರೆ ಮಶಿನ್ ಆಫ್ ಆಗುತ್ತದೆ, ರೀಸ್ಟಾರ್ಟ್ ಆಗುತ್ತದೆ. ರ‍್ಯಾಮ್‌ನಲ್ಲಿ 8 ಮಿಲಿವೋಲ್ಟ್ ಏರುವುದಿಲ್ಲ. ಸ್ಟೆಬಿಲೈಸರ್ ದುಡ್ಡನ್ನು ಒಳ್ಳೆಯ ಯುಪಿಎಸ್‌ಗೆ ಹಾಕು.

ಇನ್ನು ಲಿಮಿಟ್. ಡಿಡಿಆರ್4ಗೆ ಜೆಡೆಕ್ (ಮೆಮೊರಿ ಮಾನದಂಡ ಬರೆಯುವ ಸಂಸ್ಥೆ) ಇಟ್ಟಿರುವುದು 1.2, ಆಚೀಚೆ ಸೇರಿ 1.14ರಿಂದ 1.26. ಅದೇ ಜೆಡೆಕ್ ದಾಖಲೆಯಲ್ಲಿ ಇದನ್ನು ಮೀರಿದರೆ ಚಿಪ್ ಕೆಡಬಹುದು ಅಂತ ಹಾಕಿರುವ ಗೆರೆ 1.5. ಮೇಲೆ ಒಬ್ಬರು ಆರಾಮ್ ಕೊಡಿ ಅಂದರಲ್ಲ, ಅದು ಆ ಗೆರೆಯೇ. ಅವರ ಸ್ಟಿಕ್ ಬದುಕಿರಬಹುದು, ಸಂತೋಷ. 1.45, 1.5 ಅಂತ ಪೆಟ್ಟಿಗೆ ಮೇಲೆ ಬರೆದೇ ಮಾರುವ ಕಿಟ್‌ಗಳಿವೆ. ಸ್ಯಾಮ್‌ಸಂಗ್ ಬಿ-ಡೈ ಅನ್ನುವ ಮಾದರಿಯ ಚಿಪ್ ಅಷ್ಟು ತಡೆಯುತ್ತದೆ. ನಿನ್ನ ಸ್ಟಿಕ್ ಒಳಗೆ ಯಾವ ಚಿಪ್ ಇದೆಯೋ ಗೊತ್ತಿಲ್ಲದೆ ಅಷ್ಟು ಕೊಡುವುದು ಬೇಡ. ಕೆಲವು ಚಿಪ್‌ಗಳಿಗೆ 1.35 ದಾಟಿಸಿದಷ್ಟೂ ಎರರ್ ಜಾಸ್ತಿ ಬರುತ್ತದೆ, ಸ್ಯಾಮ್‌ಸಂಗ್‌ನದೇ ಸಿ-ಡೈ ಹಾಗೆ. 1.35ರ ಕಿಟ್‌ಗೆ ದಿನಾ ಓಡಿಸಲು ನಾನು ಒಪ್ಪುವುದು 1.40. ಸಾಫ್ಟ್‌ವೇರ್‌ನಲ್ಲಿ 1.42 ಕಂಡರೂ ಅದೇ ಲೆಕ್ಕ. 1.45 ಕೊಡಬೇಕಾದ ಸ್ಥಿತಿ ಬಂದರೆ ಆಸೆ ಬಿಟ್ಟು ಕೆಳಗಿಳಿ.

ನೀನು ಕೇಳದೇ ಇದ್ದದ್ದು ಒಂದಿದೆ, ನನಗೆ ಹೆದರಿಕೆ ಅದರದು. ಸಿಪಿಯು ಒಳಗಿನ ಮೆಮೊರಿ ಕಂಟ್ರೋಲರ್‌ಗೆ ಹೋಗುವ ಎಸ್‌ಒಸಿ ವೋಲ್ಟೇಜ್. ನೀನು ಅದನ್ನು ಆಟೋದಲ್ಲಿ ಬಿಟ್ಟಿರುತ್ತೀಯ. ಎಚ್‌ಡಬ್ಲ್ಯೂಇನ್ಫೋದಲ್ಲಿ ಸಿಪಿಯು ವಿಡಿಡಿಸಿಆರ್ ಎಸ್‌ಒಸಿ, ಪಕ್ಕದಲ್ಲಿ ಎಸ್‌ವಿಐ2 ಟಿಎಫ್‌ಎನ್ ಅಂತ ಇರುವ ಸಾಲು ನೋಡಿ ಅಂಕಿ ಹೇಳು.

ಜಲನಗರ_ಸ್ಟುಡಿಯೋ

ಅಣ್ಣಾ, ಕ್ಯಾಬಿನೆಟ್ ಲೈಟ್ ಬದಲಿಸುವ ಸಾಫ್ಟ್‌ವೇರ್ ಓಡುತ್ತಿತ್ತು! ಮುಚ್ಚಿದ ಮೇಲೆ ರಾತ್ರಿಯಿಡೀ ಬಿಟ್ಟರೂ ಮ್ಯಾಕ್ಸಿಮಮ್ 1.424 ದಾಟಿಲ್ಲ. 255 ಲೆಕ್ಕ ನೋಡಿ ನಮ್ಮ ಹುಡುಗರಿಗೆಲ್ಲ ತೋರಿಸಿದೆ.

ನೀವು ಹೇಳಿದ ಎಸ್‌ಒಸಿ ಸಾಲು 1.194 ಅಂತಿದೆ. ಬಯೋಸ್‌ನಲ್ಲಿ ಆಟೋ. ಇದು ಜಾಸ್ತಿನಾ?

ಇನ್ನೊಂದು, ಸ್ಟುಡಿಯೋದಲ್ಲಿ ಬ್ಯಾಟರಿ ಚೆಕ್ ಮಾಡುವ ಹಳದಿ ಮಲ್ಟಿಮೀಟರ್ ಇದೆ. ಅದರಿಂದ ನೇರವಾಗಿ ಬೋರ್ಡ್ ಮೇಲೆ ಅಳೆದರೆ ಪಕ್ಕಾ ಗೊತ್ತಾಗುತ್ತದಾ?

ವಿದ್ಯಾಗಿರಿ_6000 (ಬಾಗಲಕೋಟೆ)

ನಡುವೆ ಬಾಯಿ ಹಾಕುತ್ತಿದ್ದೇನೆ, ಬೇಜಾರಾಗಬೇಡಿ. ಡಿಡಿಆರ್5 ಇರುವವರು ಈ ಥ್ರೆಡ್ ಓದಿ ಗಲಿಬಿಲಿ ಆಗಬಾರದು ಅಂತ ಬರೆಯುತ್ತಿದ್ದೇನೆ. ಡಿಡಿಆರ್5ನಲ್ಲಿ ರೆಗ್ಯುಲೇಟರ್ ಬೋರ್ಡ್ ಮೇಲಿಲ್ಲ, ಸ್ಟಿಕ್ ಮೇಲೆಯೇ ಇದೆ. ಪಿಎಂಐಸಿ ಅಂತಾರೆ. ಎಚ್‌ಡಬ್ಲ್ಯೂಇನ್ಫೋದಲ್ಲಿ ಒಂದೊಂದು ಸ್ಟಿಕ್‌ಗೂ ಬೇರೆ ಬೇರೆ ವಿಡಿಡಿ, ವಿಡಿಡಿಕ್ಯೂ, ವಿಪಿಪಿ ಅನ್ನುವ ವೋಲ್ಟೇಜ್‌ಗಳು ಕಾಣುತ್ತವೆ. ಅಲ್ಲಿ ಮೂಲ ವೋಲ್ಟೇಜ್ 1.1, ವಿಪಿಪಿ 1.8. ವಿಪಿಪಿ 1.8 ನೋಡಿ ನನ್ನ ರೂಮ್‌ಮೇಟ್ ರ‍್ಯಾಮ್ ಸುಟ್ಟೇ ಹೋಯಿತು ಅಂತ ಪ್ಲಗ್ ಕಿತ್ತಿದ್ದಳು. ಅದು ಇರಬೇಕಾದ್ದೇ ಅಷ್ಟು.

ಎಎಂ5 (ಡಿಡಿಆರ್5 ಬಳಸುವ ರೈಜೆನ್ ಸಾಕೆಟ್) ಇರುವವರು ಎಸ್‌ಒಸಿ ವಿಷಯದಲ್ಲಿ ಇನ್ನೂ ಹುಷಾರಾಗಿರಬೇಕು. 2023ರಲ್ಲಿ ರೈಜೆನ್ 7000 ಎಕ್ಸ್3ಡಿ ಚಿಪ್‌ಗಳು ಸಾಕೆಟ್‌ನಲ್ಲೇ ಸುಟ್ಟಿದ್ದು ಎಲ್ಲರಿಗೂ ನೆನಪಿರಬೇಕು. ಆಮೇಲೆ ಎಎಂಡಿ ಹೊಸ ಬಯೋಸ್‌ನಲ್ಲಿ ಎಸ್‌ಒಸಿಗೆ 1.3 ಅಂತ ಬೇಲಿ ಹಾಕಿತು. ಹಳೆಯ ಬಯೋಸ್‌ನಲ್ಲೇ ಎಕ್ಸ್‌ಪೋ (ಎಎಂಡಿಯ ಎಕ್ಸ್‌ಎಂಪಿ ಥರದ ಸೆಟ್ಟಿಂಗ್) ಆನ್ ಮಾಡಿಕೊಂಡು ಕೂತವರು ಈಗಲೇ ಅಪ್‌ಡೇಟ್ ಮಾಡಿ.

ಪ್ಯಾನೆಲ್_ಉದ್ಯಮಬಾಗ

ತಂಗಿ ಸರಿಯಾದ ಜಾಗಕ್ಕೆ ಬೆರಳಿಟ್ಟಿದ್ದಾಳೆ. ಡಿರ‍್ಯಾಮ್ ವೋಲ್ಟೇಜ್ ನಾವೇ ಕೈಯಾರೆ ಹಾಕಿರುತ್ತೇವೆ, ಅದರ ಮೇಲೆ ಕಣ್ಣಿರುತ್ತದೆ. ಆಟೋದಲ್ಲಿ ಬಿಟ್ಟದ್ದನ್ನು ಯಾರೂ ನೋಡುವುದಿಲ್ಲ. ರ‍್ಯಾಮ್ ಸ್ಪೀಡ್ ಏರಿಸಿದ ಕೂಡಲೇ ಬೋರ್ಡ್ ಇದನ್ನೂ ತನ್ನ ಪಾಡಿಗೆ ಏರಿಸುತ್ತದೆ. ಹೇಗಾದರೂ ಬೂಟ್ ಆಗಲಿ, ಗಿರಾಕಿ ಬೈಯದಿರಲಿ ಅಂತ ಅವರ ಲೆಕ್ಕ.

ಇದು ಹೊಸ ಕಥೆಯೂ ಅಲ್ಲ. 2008ರಲ್ಲಿ ಇಂಟೆಲ್ ಮೊದಲ ಕೋರ್ ಐ7 ತಂದು ಮೆಮೊರಿ ಕಂಟ್ರೋಲರನ್ನು ಸಿಪಿಯು ಒಳಗೆ ಸೇರಿಸಿದಾಗ, ಡಿಡಿಆರ್3ಗೆ 1.65 ದಾಟಿಸಿದರೆ ಸಿಪಿಯುಗೇ ಪೆಟ್ಟು ಅಂತ ಎಚ್ಚರಿಸಿತ್ತು. ರ‍್ಯಾಮ್ ಹೋದರೆ ಹೊಸದು ತರಬಹುದು. ಕಂಟ್ರೋಲರ್ ಹೋದರೆ ಪ್ರೊಸೆಸರ್ರೇ ಹೋದಂತೆ.

ನಿನ್ನ 1.194 ಸುಡುವಷ್ಟಿಲ್ಲ. ನಿನ್ನ ತಲೆಮಾರಿನ ರೈಜೆನ್‌ಗೆ ಜನ ಇಟ್ಟುಕೊಂಡಿರುವ ಮೇಲಿನ ಗೆರೆ 1.2, ಅದಕ್ಕೆ ತಾಗಿಕೊಂಡು ಕೂತಿದೆ. 3600ಕ್ಕೆ ಇಷ್ಟು ಬೇಕಿಲ್ಲ. ಕೈಯಿಂದ 1.1 ಹಾಕು. ಎಫ್‌ಸಿಎಲ್‌ಕೆ (ಸಿಪಿಯು ಒಳಗಿನ ಭಾಗಗಳನ್ನು ಜೋಡಿಸುವ ದಾರಿಯ ಸ್ಪೀಡ್) 1800 ಇರಲಿ, 3600ರ ಅರ್ಧ, ಎರಡೂ ಜೊತೆಯಾಗಿ ಓಡುತ್ತವೆ. ವಿಡಿಡಿಜಿ ಅಂತ ಇನ್ನೊಂದು ವೋಲ್ಟೇಜ್ ಕಾಣುತ್ತದೆ, ಅದು ಎಸ್‌ಒಸಿಯಿಂದಲೇ ಇಳಿದು ಬರುವುದರಿಂದ ಅದಕ್ಕಿಂತ ಕನಿಷ್ಠ 40 ಮಿಲಿವೋಲ್ಟ್ ಕೆಳಗಿರಬೇಕು. ಮುಟ್ಟದಿದ್ದರೆ ಚಿಂತೆಯಿಲ್ಲ.

ಮಲ್ಟಿಮೀಟರ್ ಬಗ್ಗೆ. ದುಂಡು ಸ್ವಿಚ್‌ನ ಹಳದಿ ಮೀಟರ್ ತಾನೆ? ಅದನ್ನು 20ರ ರೇಂಜ್‌ನಲ್ಲಿಟ್ಟರೆ 1.40 ಅಂತ ಪಾಯಿಂಟ್ ಆದಮೇಲೆ ಎರಡೇ ಅಂಕಿ ತೋರಿಸುತ್ತದೆ, ನಿನ್ನ ಪ್ರಶ್ನೆಗೆ ಅದು ಉತ್ತರವಲ್ಲ. 2000ಎಂ ರೇಂಜ್‌ನಲ್ಲಿಟ್ಟರೆ 1401 ಅಂತ ಮಿಲಿವೋಲ್ಟ್ ಬರುತ್ತದೆ. ಆದರೆ ಆ ಮೀಟರ್‌ನದೇ ಅರ್ಧ ಪರ್ಸೆಂಟ್ ಆಚೀಚೆ ಇದೆ, ಅಂದರೆ 7 ಮಿಲಿವೋಲ್ಟ್. ಅದರ ಮೇಲೆ ಕೊನೆಯ ಅಂಕಿಯಲ್ಲಿ ಒಂದೆರಡು. ಸಾಫ್ಟ್‌ವೇರ್‌ನ ಒಂದು ಮೆಟ್ಟಿಲಿಗಿಂತ ಹೆಚ್ಚೇನೂ ಸಿಗಲಿಲ್ಲ ಅಲ್ವಾ. ಬ್ಯಾಟರಿ ವೀಕ್ ಇದ್ದರಂತೂ ಆ ಮೀಟರ್ ಎಲ್ಲವನ್ನೂ ಜಾಸ್ತಿ ತೋರಿಸುತ್ತದೆ. ನಾನು ಪ್ಯಾನೆಲ್‌ಗೆ ಕೈ ಹಾಕುವ ಮುಂಚೆ ಮೀಟರ್‌ನ ಬ್ಯಾಟರಿ ನೋಡುವವನು.

ಅಳೆಯಲೇಬೇಕು ಅಂದರೆ ಕಪ್ಪು ಪ್ರೋಬನ್ನು ಕ್ಯಾಬಿನೆಟ್ ಸ್ಕ್ರೂಗೆ ಹಿಡಿ. ಕೆಂಪು ಪ್ರೋಬ್ ರ‍್ಯಾಮ್ ಸ್ಲಾಟ್ ಪಕ್ಕದ ಚೋಕ್ ಕಾಯಿಲ್‌ನ ಔಟ್‌ಪುಟ್ ಕಡೆಗೆ. ಪ್ರೋಬ್ ಒಂದು ಮಿಲಿಮೀಟರ್ ಜಾರಿ ಪಕ್ಕದ ಕಾಲಿಗೆ ತಾಗಿದರೆ ಹೆಚ್ಚಿನ ವೋಲ್ಟೇಜ್ ಹೋಗಿ ಕೂರುತ್ತದೆ. ಆಗ ನಿನಗೆ ಯಾವ ರೀಡಿಂಗೂ ಬೇಕಾಗುವುದಿಲ್ಲ. ನನ್ನ ಮಾತು ಕೇಳಿದರೆ ಬೇಡ.

ಆ ಹೊತ್ತನ್ನು ಬಿಸಿ ನೋಡುವುದಕ್ಕೆ ಕೊಡು. ಬಿಜಾಪುರದ ಮೇ ತಿಂಗಳು ನಿನಗೆ ನಾನು ಹೇಳಬೇಕಾಗಿಲ್ಲ. ಹೊರಗೆ 40 ದಾಟಿದಾಗ ಎಸಿ ಇಲ್ಲದ ರೂಮಿನಲ್ಲಿ ಕ್ಯಾಬಿನೆಟ್ ಒಳಗೆ ಏನಾಗುತ್ತದೆ ಯೋಚಿಸು. ರ‍್ಯಾಮ್‌ನ ಒಂದೊಂದು ಸೆಲ್ಲೂ ಒಂದು ಪುಟ್ಟ ಕೆಪ್ಯಾಸಿಟರ್. ಬಿಸಿಯಾದಷ್ಟೂ ಚಾರ್ಜ್ ಬೇಗ ಸೋರುತ್ತದೆ. ಅದಕ್ಕೇ ಡಿಡಿಆರ್4ನಲ್ಲಿ ಸರಾಸರಿ 7.8 ಮೈಕ್ರೋಸೆಕೆಂಡ್‌ಗೆ ಒಂದು ಸಲ ರಿಫ್ರೆಶ್ ಇದೆ, 85 ಡಿಗ್ರಿ ದಾಟಿದರೆ 3.9ಕ್ಕೇ ಮಾಡಬೇಕು ಅಂತ ನಿಯಮ. ಟೈಮಿಂಗ್ ಬಿಗಿ ಮಾಡಿ ವೋಲ್ಟೇಜ್ ಏರಿಸಿದ ಸ್ಟಿಕ್ 85ರವರೆಗೆ ಕಾಯುವುದಿಲ್ಲ. ಬಿ-ಡೈ ಆದರೆ 50ರ ಆಸುಪಾಸಿನಲ್ಲೇ ಎರರ್ ಶುರು. ಜನವರಿಯಲ್ಲಿ ಪಾಸಾದ ಟೆಸ್ಟ್ ಮೇ ತಿಂಗಳಲ್ಲಿ ಫೇಲ್ ಆದರೆ ಆಶ್ಚರ್ಯಪಡಬೇಡ.

ನಿನ್ನ ಸ್ಟಿಕ್‌ನಲ್ಲಿ ಸೆನ್ಸರ್ ಇದ್ದರೆ ಎಚ್‌ಡಬ್ಲ್ಯೂಇನ್ಫೋ ಡಿಗ್ರಿ ತೋರಿಸುತ್ತದೆ. ಇಲ್ಲದಿದ್ದರೆ ಐಆರ್ ಗನ್ ಸಿಕ್ಕರೆ ಹಿಡಿ. ಅಲ್ಯೂಮಿನಿಯಂ ಕವಚ ಫಳಫಳ ಹೊಳೆಯುತ್ತಿದ್ದರೆ ಗನ್ ಸುಳ್ಳು ಹೇಳುತ್ತದೆ, ಇರುವುದಕ್ಕಿಂತ ಬಹಳ ಕಡಿಮೆ ತೋರಿಸುತ್ತದೆ. ಒಂದು ತುಂಡು ಕಪ್ಪು ಇನ್ಸುಲೇಶನ್ ಟೇಪ್ ಅಂಟಿಸಿ ಅದರ ಮೇಲೆ ಹಿಡಿ. ಬಸ್‌ಬಾರ್ (ಪ್ಯಾನೆಲ್‌ನಲ್ಲಿ ಕರೆಂಟ್ ಹರಿಯುವ ಲೋಹದ ಪಟ್ಟಿ) ಜಾಯಿಂಟ್ ನೋಡುವಾಗ ನಾವು ಮಾಡುವುದೂ ಅದನ್ನೇ.

ಫುಲ್_ವೋಲ್ಟೇಜ್

ಅಣ್ಣಾ, ಗೇಮ್ ಆಡುವವರಿಗೆ ಇಷ್ಟೆಲ್ಲ ಬೇಕಾ? ಕ್ರ್ಯಾಶ್ ಆದರೆ ರೀಸ್ಟಾರ್ಟ್.

ಪ್ಯಾನೆಲ್_ಉದ್ಯಮಬಾಗ

ನಿನಗೆ ಬೇಡಪ್ಪ. ನಿನ್ನ ಗೇಮ್ ಕ್ರ್ಯಾಶ್ ಆದರೆ ನೀನೊಬ್ಬನೇ ಬೈದುಕೊಳ್ಳುತ್ತೀಯ. ಅವನ ಹತ್ತಿರ ಯಾರದೋ ಮನೆಯ ಅಕ್ಷತೆ ಹಾಕುವ ವಿಡಿಯೋ ಇದೆ. ಕ್ರ್ಯಾಶ್ ಆದರೂ ಪರವಾಗಿಲ್ಲ, ಗೊತ್ತಾಗುತ್ತದೆ. ರ‍್ಯಾಮ್‌ನಲ್ಲಿ ಒಂದು ಬಿಟ್ ತಿರುಗಿದರೆ ಫೈಲ್ ಕಾಪಿ ಆಗುತ್ತದೆ, ಎಕ್ಸ್‌ಪೋರ್ಟ್ ಆಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಮುಂದೆ ಯಾವತ್ತೋ ತೆರೆದಾಗ ಹಸಿರು ಪಟ್ಟೆ. ಕ್ಯಾಮೆರಾದ ಕಾರ್ಡ್ ಅಷ್ಟರಲ್ಲಿ ಫಾರ್ಮ್ಯಾಟ್ ಆಗಿರುತ್ತದೆ.

ಅದಕ್ಕೇ ತಮ್ಮಾ, ಸರಿಯಾಗಿದೆ ಅನ್ನಿಸುತ್ತದೆ ಅಂತ ಬರೆದೆಯಲ್ಲ, ಆ ಅನ್ನಿಸುವುದು ನಡೆಯುವುದಿಲ್ಲ. ಪೆನ್‌ಡ್ರೈವ್‌ನಲ್ಲಿ ಮೆಮ್‌ಟೆಸ್ಟ್86 (ಮೆಮೊರಿ ಪರೀಕ್ಷಿಸುವ ಸಾಫ್ಟ್‌ವೇರ್) ಹಾಕಿ ಪೂರ್ತಿ ಪಾಸ್‌ಗಳು ಮುಗಿಯುವವರೆಗೆ ಬಿಡು. ಆಮೇಲೆ ವಿಂಡೋಸ್ ಒಳಗೆ ಟೆಸ್ಟ್‌ಮೆಮ್5 ಓಡಿಸು, ಜೊತೆಗೆ ಗ್ರಾಫಿಕ್ಸ್ ಕಾರ್ಡ್‌ಗೂ ಕೆಲಸ ಕೊಡು, ಒಳಗೆ ಬಿಸಿಯಾಗಲಿ. ಮಧ್ಯಾಹ್ನದ ಹೊತ್ತು ಓಡಿಸು, ರಾತ್ರಿ ತಂಪಿನಲ್ಲಿ ಬೇಡ. ಒಂದೇ ಒಂದು ಎರರ್ ಬಂದರೂ ಫೇಲ್. ಈವೆಂಟ್ ವ್ಯೂವರ್‌ನಲ್ಲಿ ವೀಯಾ (ವಿಂಡೋಸ್ ಬರೆದಿಡುವ ಹಾರ್ಡ್‌ವೇರ್ ತಪ್ಪು) ಎರರ್ ಬಂದಿದ್ದರೆ ಅದೂ ಫೇಲ್, ಆಗ ನೋಡಬೇಕಾದ್ದು ಎಫ್‌ಸಿಎಲ್‌ಕೆ ಮತ್ತು ಎಸ್‌ಒಸಿ ಕಡೆ.

ಜಲನಗರ_ಸ್ಟುಡಿಯೋ

ಮಾಡಿ ನೋಡಿದೆ ಅಣ್ಣಾ. ಎಸ್‌ಒಸಿ 1.1 ಹಾಕಿದರೆ ರೀಡಿಂಗ್ 1.088 ಬರುತ್ತದೆ, ಬೂಟ್ ಚೆನ್ನಾಗಿಯೇ ಆಗುತ್ತದೆ. ರ‍್ಯಾಮ್ 1.40, 3600. ಮೆಮ್‌ಟೆಸ್ಟ್86 ರಾತ್ರಿ ಕ್ಲೀನ್. ಟೆಸ್ಟ್‌ಮೆಮ್5 ಮಧ್ಯಾಹ್ನ ಓಡಿಸಿದರೆ ಕಡೆಯ ಹೊತ್ತಿಗೆ ಎರರ್. ಪಕ್ಕದ ಗ್ಯಾರೇಜ್‌ನಿಂದ ಐಆರ್ ಗನ್ ತಂದೆ. ಕವಚದ ಮೇಲೆ ನೇರ ಹಿಡಿದಾಗ 41, ಕಪ್ಪು ಟೇಪ್ ಮೇಲೆ 56! ಗ್ಯಾರೇಜ್‌ನವನಿಗೇ ನಂಬಿಕೆ ಬರಲಿಲ್ಲ.

ಸೈಡ್ ಪ್ಯಾನೆಲ್ ಬಿಚ್ಚಿ ಟೇಬಲ್ ಫ್ಯಾನ್ ಇಟ್ಟರೆ ಪಾಸ್ ಆಗುತ್ತದೆ. ಹಾಗೇ ಬಿಟ್ಟರೆ ನಡೆಯುತ್ತದಾ? ಎಸ್‌ಒಸಿ ಅಂಕಿ ಕೊಟ್ಟದ್ದಕ್ಕಿಂತ ಕಡಿಮೆ ಯಾಕೆ ಅಂತಲೂ ಹೇಳ್ರಿ. ಮತ್ತೆ ವ್ಯಾರಂಟಿ?

ಪ್ಯಾನೆಲ್_ಉದ್ಯಮಬಾಗ

ಎಸ್‌ಒಸಿ ರೆಗ್ಯುಲೇಟರ್ ಮೇಲೆ ಲೋಡ್ ಬಿದ್ದಾಗ ಸ್ವಲ್ಪ ಇಳಿಯುವುದು ಸಹಜ. ಆ ಸಾಲು ಬರುವುದು ಸೂಪರ್ ಐಒದಿಂದಲ್ಲ, ಆ ರೆಗ್ಯುಲೇಟರ್ ತಾನೇ ಸಿಪಿಯುಗೆ ಕಳಿಸುವ ಲೆಕ್ಕದಿಂದ. ಅದಕ್ಕೇ ಅದರ ಮೆಟ್ಟಿಲೂ ಬೇರೆ, 6.25 ಮಿಲಿವೋಲ್ಟ್. 1.088 ಚೆನ್ನಾಗಿದೆ, ಅಲ್ಲೇ ಬಿಡು.

ಟೇಬಲ್ ಫ್ಯಾನ್ ಐಡಿಯಾ ಬೇಡ. ನಿಮ್ಮೂರಿನ ಧೂಳಿಗೆ ಒಂದೇ ತಿಂಗಳಲ್ಲಿ ಸ್ಲಾಟ್ ಬಾಯಿ ಮುಚ್ಚುತ್ತದೆ. ಕ್ಯಾಬಿನೆಟ್ ಮುಂದೆ ಒಂದು 120 ಎಂಎಂ ಫ್ಯಾನ್ ಗಾಳಿ ಒಳಗೆ ಎಳೆಯುವಂತೆ ಹಾಕಿಸು. ವೋಲ್ಟೇಜ್ 1.38ಕ್ಕೆ ಇಳಿಸಿ, ಸಿಎಲ್16 ಇದ್ದದ್ದನ್ನು 18 ಮಾಡಿ ಮತ್ತೆ ಮಧ್ಯಾಹ್ನ ಟೆಸ್ಟ್ ಮಾಡು. ಪಾಸಾದರೆ ಇಟ್ಟುಕೋ. ಇಲ್ಲವಾದರೆ ಮದುವೆ ಸೀಸನ್ ಮುಗಿಯುವವರೆಗೆ 3200, 1.35ಕ್ಕೆ ವಾಪಸ್ ಹೋಗು. ವಿಡಿಯೋ ಎಕ್ಸ್‌ಪೋರ್ಟ್‌ನಲ್ಲಿ ಇವೆರಡರ ವ್ಯತ್ಯಾಸ ಗಡಿಯಾರ ಹಿಡಿದು ಕೂತರೆ ಮಾತ್ರ ಕಾಣುವಂಥದ್ದು. ಗಿರಾಕಿಗಂತೂ ಕಾಣಲ್ಲ.

ವ್ಯಾರಂಟಿ ಕೇಳಿದೆ. ನಿನ್ನ ಸಿಪಿಯುಗೆ ಎಎಂಡಿ ಬರೆದಿರುವ ರ‍್ಯಾಮ್ ಸ್ಪೀಡ್ 3200ರವರೆಗೆ. ಅದರಾಚೆ ಎಲ್ಲ ಓವರ್‌ಕ್ಲಾಕ್, ಅದರಿಂದ ಆದ ಹಾನಿ ಅವರ ವ್ಯಾರಂಟಿಗೆ ಸೇರುವುದಿಲ್ಲ.

ಬಯೋಸ್ ಅಪ್‌ಡೇಟ್ ಮಾಡಿದ ದಿನ, ಅಥವಾ ಬೂಟ್ ಆಗದೆ ಸಿಎಂಒಎಸ್ ಕ್ಲಿಯರ್ (ಬಯೋಸ್ ಸೆಟ್ಟಿಂಗ್ ಅಳಿಸುವುದು) ಮಾಡಿದ ದಿನ, ಈ ಸೆಟ್ಟಿಂಗ್ ಎಲ್ಲ ಅಳಿಸಿ ಎಸ್‌ಒಸಿ ಮತ್ತೆ ಆಟೋಗೆ ಹೋಗಿರುತ್ತದೆ. ಆಮೇಲೆ ರ‍್ಯಾಮ್ ಸ್ಪೀಡ್ ಒಂದನ್ನೇ ವಾಪಸ್ ಹಾಕಿ ಬಿಡಬೇಡ. ಈಗಿನ ಬಯೋಸ್ ಪೇಜ್‌ಗಳ ಫೋಟೋ ಮೊಬೈಲ್‌ನಲ್ಲಿ ತೆಗೆದಿಟ್ಟುಕೋ.

ಜಲನಗರ_ಸ್ಟುಡಿಯೋ

ತೆಗೆದಿಟ್ಟೆ ಅಣ್ಣಾ. 1.38, ಸಿಎಲ್18 ಹಾಕಿದ್ದೇನೆ, ಫ್ಯಾನ್ ನಾಳೆ ಬರುತ್ತದೆ. ಅಲ್ಲಿಯವರೆಗೆ 3200ರಲ್ಲೇ ಎಡಿಟ್ ಮಾಡುತ್ತೇನೆ. ಟೆಸ್ಟ್ ಮುಗಿದ ಮೇಲೆ ಇಲ್ಲೇ ಹಾಕುತ್ತೇನೆ ರೀ.